ಹೊಸ ಗೇಮ್ ಕನ್ಸೋಲ್‌ಗಳನ್ನು ಹೋಲಿಸಿ ನೋಡುವ ಕ್ರಮ: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೊಂದು ಮಾರ್ಗದರ್ಶಿ

2025ರಲ್ಲಿ ವಿಡಿಯೊ ಗೇಮ್ ಸಾಧನಗಳ ಬಗ್ಗೆ ಒಂದರ ಹಿಂದೊಂದು ದೊಡ್ಡ ಸುದ್ದಿಗಳು ಬಂದವು. ನಿಂಟೆಂಡೊ ಸ್ವಿಚ್ 2 ಜೂನ್ 5ರಂದು ಮಾರುಕಟ್ಟೆಗೆ ಬಂತು. ಆಸುಸ್ ಮತ್ತು ಮೈಕ್ರೋಸಾಫ್ಟ್ ಜೊತೆಗೂಡಿ ತಯಾರಿಸಿದ ಆರ್‌ಒಜಿ ಎಕ್ಸ್‌ಬಾಕ್ಸ್ ಆಲೈ ಮತ್ತು ಆಲೈ ಎಕ್ಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಎರಡು ಹ್ಯಾಂಡ್‌ಹೆಲ್ಡ್‌ಗಳು ಅಕ್ಟೋಬರ್ 16ರಂದು ಬಿಡುಗಡೆಯಾದವು. ನವೆಂಬರ್ 12ರಂದು ವಾಲ್ವ್ ಕಂಪನಿಯು ಟಿವಿಗೆ ಜೋಡಿಸುವ ಸ್ಟೀಮ್ ಮಷಿನ್ ಅನ್ನು ಘೋಷಿಸಿತು. ಇಂಥ ಘೋಷಣೆಯ ದಿನ ನಮ್ಮ ಕೈಗೆ ಸಿಗುವುದು ಅಂಕಿಗಳ ಒಂದು ಪಟ್ಟಿ. ಆ ಅಂಕಿಗಳು ಸುಳ್ಳಲ್ಲ. ಆದರೆ ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ತಾರಸಿ ಮನೆಯಲ್ಲಿ, ಕರೆಂಟು ಹೋಗಿ ಬರುವ ಕೊಪ್ಪಳದ ಹಳ್ಳಿಯಲ್ಲಿ, ಸರ್ವಿಸ್ ಸೆಂಟರ್‌ಗೆ ಪಾರ್ಸಲ್ ಕಳಿಸಿ ವಾರಗಟ್ಟಲೆ ಕಾಯಬೇಕಾದ ಬಳ್ಳಾರಿಯಲ್ಲಿ ಆ ಸಾಧನ ಹೇಗೆ ನಡೆದೀತು ಎಂಬುದನ್ನು ಅವು ಹೇಳುವುದಿಲ್ಲ. ಆದ್ದರಿಂದ ಹೋಲಿಕೆಯನ್ನು ಕಂಪನಿಯ ಪಟ್ಟಿಯಿಂದ ಆರಂಭಿಸದೆ, ಸಾಧನವನ್ನು ಇಡಲಿರುವ ಕೋಣೆಯಿಂದ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗನಿಗೋ ಮಗಳಿಗೋ ಐವತ್ತು–ಎಪ್ಪತ್ತು ಸಾವಿರ ರೂಪಾಯಿ ಕೊಟ್ಟು ಕೊಡಿಸುವ ತಂದೆತಾಯಿಯೂ, ಸ್ವಂತ ಸಂಬಳದಲ್ಲಿ ಕೊಳ್ಳುವ ಯುವಕರೂ ಒಂದು ನೋಟ್‌ಬುಕ್ ತೆರೆದಿಟ್ಟುಕೊಂಡು ಈ ಹೆಜ್ಜೆಗಳನ್ನು ಅನುಸರಿಸಬಹುದು.

ಮೊದಲ ಹೆಜ್ಜೆ: ಸಾಧನ ಯಾವ ಜಾತಿಯದು ಎಂದು ಗುರುತಿಸಿ

ಬೇರೆ ಬೇರೆ ಜಾತಿಯ ಸಾಧನಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಹೋಲಿಕೆ ಅಲ್ಲಿಯೇ ಕೆಡುತ್ತದೆ. ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳು. ನಿಂಟೆಂಡೊ ಸ್ವಿಚ್ 2 ಕೈಯಲ್ಲೂ ಟಿವಿಯಲ್ಲೂ ಆಡಬಹುದಾದ, ಸ್ವಿಚ್‌ಗೆಂದು ಬಂದ ಗೇಮ್‌ಗಳನ್ನಷ್ಟೇ ನಡೆಸುವ ಸಾಧನ. ವಾಲ್ವ್‌ನ ಸ್ಟೀಮ್ ಡೆಕ್, ಲೆಜಿಯನ್ ಗೋ, ಆರ್‌ಒಜಿ ಆಲೈ ಇವೆಲ್ಲ ವಾಸ್ತವದಲ್ಲಿ ಕೈಯಲ್ಲಿ ಹಿಡಿಯುವ ಕಂಪ್ಯೂಟರ್‌ಗಳು. ಸ್ಟೀಮ್ ಮಷಿನ್ ಅದೇ ಕಂಪ್ಯೂಟರ್ ಬಳಗದ, ಟಿವಿ ಪಕ್ಕದಲ್ಲಿ ಕೂರುವ ಚಿಕ್ಕ ಪೆಟ್ಟಿಗೆ.

ಇಲ್ಲಿ ಎರಡು ಹೆಸರುಗಳು ಕೊಳ್ಳುವವರನ್ನು ಬಹಳವಾಗಿ ದಾರಿ ತಪ್ಪಿಸುತ್ತವೆ. ಒಂದನೆಯದು ಎಕ್ಸ್‌ಬಾಕ್ಸ್ ಆಲೈ. ಹೆಸರಿನಲ್ಲಿ ಎಕ್ಸ್‌ಬಾಕ್ಸ್ ಇದ್ದರೂ ಅದು ವಿಂಡೋಸ್ 11 ಮೇಲೆ ನಡೆಯುವ ಕಂಪ್ಯೂಟರ್ ಆಗಿರುವುದರಿಂದ, ನೀವು ಹಿಂದೆ ಎಕ್ಸ್‌ಬಾಕ್ಸ್ ಕನ್ಸೋಲ್‌ಗೆಂದು ಕೊಂಡ ಗೇಮ್‌ಗಳೆಲ್ಲ ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಆ ಗೇಮ್‌ಗೆ ಪಿಸಿ ಆವೃತ್ತಿಯ ಹಕ್ಕೂ ಸೇರಿದ್ದರೆ ಮಾತ್ರ ಅದನ್ನು ಇಳಿಸಿಕೊಳ್ಳಬಹುದು. ಉಳಿದವಕ್ಕೆ ಮನೆಯ ಕನ್ಸೋಲ್‌ನಿಂದಲೋ ಕಂಪನಿಯ ಸರ್ವರ್‌ನಿಂದಲೋ ಇಂಟರ್ನೆಟ್ ಮೂಲಕ ಚಿತ್ರ ಹರಿದು ಬರಬೇಕು. ಎರಡನೆಯದು ಪ್ಲೇಸ್ಟೇಷನ್ ಪೋರ್ಟಲ್. ಅಂಗಡಿಯ ಗಾಜಿನ ಹಿಂದೆ ಅದನ್ನು ಕಂಡವರು ಕಡಿಮೆ ಬೆಲೆಯ ಪ್ಲೇಸ್ಟೇಷನ್ ಎಂದು ತಿಳಿಯುವುದು ಸಹಜ, ಏಕೆಂದರೆ 2024ರ ಆಗಸ್ಟ್‌ನಲ್ಲಿ ಅದು ಭಾರತಕ್ಕೆ ಬಂದಾಗ ಬೆಲೆ 18,990 ರೂಪಾಯಿ ಇತ್ತು. ಆದರೆ ಗೇಮ್ ಪೋರ್ಟಲ್ ಒಳಗೆ ನಡೆಯುವುದಿಲ್ಲ. ಮನೆಯಲ್ಲಿರುವ ಪಿಎಸ್5 ಗೇಮ್ ನಡೆಸುತ್ತದೆ, ಪೋರ್ಟಲ್ ಆ ಚಿತ್ರವನ್ನು ವೈಫೈ ಮೂಲಕ ತೋರಿಸುತ್ತದೆ. ಗಂಗಾವತಿಯ ಮನೆಯಲ್ಲಿ ಪಿಎಸ್5 ಇಟ್ಟು, ಪೋರ್ಟಲ್ ಹಿಡಿದುಕೊಂಡು ಹಾಸ್ಟೆಲ್‌ಗೆ ಹೋದ ವಿದ್ಯಾರ್ಥಿಯ ಆಟವು, ಗಂಗಾವತಿಯಲ್ಲಿ ಕರೆಂಟು ಹೋದ ಕ್ಷಣದಲ್ಲೇ ನಿಲ್ಲುತ್ತದೆ. ಹೊರದೇಶಗಳಲ್ಲಿ ಪಿಎಸ್ ಪ್ಲಸ್ ಪ್ರೀಮಿಯಂ ಚಂದಾದಾರರಿಗೆ ಸೋನಿಯ ಸರ್ವರ್‌ನಿಂದಲೇ ಆಡುವ ಅನುಕೂಲವಿದೆ. ಭಾರತದಲ್ಲಿ ಆ ದರ್ಜೆಯ ಜಾಗದಲ್ಲಿ ಡೀಲಕ್ಸ್ ಎಂಬ ಚಂದಾ ಇದ್ದು, ಅದರಲ್ಲಿ ಈ ಸರ್ವರ್ ಆಟದ ಸೌಲಭ್ಯ ಸೇರಿಲ್ಲ.

ಆದ್ದರಿಂದ ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಹೀಗೆ ಬರೆಯಿರಿ: ಈ ಸಾಧನದೊಳಗೆ ಗೇಮ್ ತಾನಾಗಿ ನಡೆಯುತ್ತದೆಯೇ, ಯಾವ ಅಂಗಡಿಯಿಂದ ಕೊಂಡ ಗೇಮ್ ನಡೆಯುತ್ತದೆ, ಇಂಟರ್ನೆಟ್ ಇಲ್ಲದಾಗ ಏನು ಉಳಿಯುತ್ತದೆ. ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದ ಸಾಧನವನ್ನು ಹೋಲಿಕೆಯಿಂದ ಸದ್ಯಕ್ಕೆ ಹೊರಗಿಡಿ.

ಎರಡನೆಯ ಹೆಜ್ಜೆ: ಆಡುವ ಗೇಮ್‌ಗಳ ಹೆಸರು ಬರೆಯಿರಿ

ಆಡುವವರನ್ನು ಕೂರಿಸಿಕೊಂಡು ಮುಂದಿನ ಒಂದು ವರ್ಷದಲ್ಲಿ ನಿಜವಾಗಿ ಆಡುವ ಐದಾರು ಗೇಮ್‌ಗಳ ಹೆಸರು ಬರೆಸಿ. ಪಟ್ಟಿಯ ತುದಿಯಲ್ಲಿ ಬಿಜಿಎಂಐ ಎಂದು ಬಂದರೆ ಅಲ್ಲೇ ನಿಲ್ಲಿ. ಅದು ಮೊಬೈಲ್‌ಗೆಂದೇ ಬಂದ ಗೇಮ್. ಪಿಎಸ್5ಗಾಗಲಿ ಸ್ವಿಚ್ 2ಗಾಗಲಿ ಅದು ಇಲ್ಲ. ವ್ಯಾಲೊರಂಟ್‌ನ ಪಿಸಿ ಆವೃತ್ತಿ ಅಥವಾ ಫೋರ್ಟ್‌ನೈಟ್ ಇದ್ದರೆ ಸ್ಟೀಮ್ ಡೆಕ್ ಬಗ್ಗೆ ಎಚ್ಚರಿಕೆ ಬೇಕು. ಅದು ನಡೆಯುವುದು ವಿಂಡೋಸ್ ಮೇಲಲ್ಲ, ಸ್ಟೀಮ್‌ಒಎಸ್ ಎಂಬ ಲಿನಕ್ಸ್ ಆಧಾರಿತ ವ್ಯವಸ್ಥೆಯ ಮೇಲೆ. ಮೋಸದ ಆಟ ತಡೆಯಲು ಈ ಗೇಮ್‌ಗಳು ಬಳಸುವ ಆ್ಯಂಟಿ-ಚೀಟ್ ತಂತ್ರಾಂಶಕ್ಕೆ ಅಲ್ಲಿ ಅವಕಾಶ ಕೊಟ್ಟಿಲ್ಲವಾದ್ದರಿಂದ ಅವು ಅದರಲ್ಲಿ ತೆರೆಯುವುದಿಲ್ಲ. ವಿಂಡೋಸ್ ಹ್ಯಾಂಡ್‌ಹೆಲ್ಡ್‌ಗಳಿಗೆ ಈ ತೊಡಕಿಲ್ಲ. ಬದಲಿಗೆ ಅಪ್‌ಡೇಟ್‌ಗಳ ಕಾಟ, ಚಿಕ್ಕ ಪರದೆಯಲ್ಲಿ ಮೌಸ್ ಬಾಣ ಹುಡುಕುವ ಕಷ್ಟ ಜಾಸ್ತಿ. ನಿಂಟೆಂಡೊದ ಮಾರಿಯೊ, ಜೆಲ್ಡಾ ಗೇಮ್‌ಗಳು ಬೇಕೆಂದರೆ ಸ್ವಿಚ್ ಹೊರತು ಬೇರೆ ದಾರಿಯೇ ಇಲ್ಲ.

ಗೆಳೆಯರು ಯಾವ ಸಾಧನದಲ್ಲಿ ಆಡುತ್ತಾರೆ ಎಂಬುದನ್ನೂ ಇಲ್ಲಿಯೇ ಬರೆಯಿರಿ. ಓಣಿಯಲ್ಲಿ ನಾಲ್ಕು ಮನೆಗಳಲ್ಲಿ ಪಿಎಸ್4 ಅಥವಾ ಪಿಎಸ್5 ಇದ್ದರೆ ಡಿಸ್ಕ್ ಬದಲಾಯಿಸಿಕೊಂಡು ಆಡುವ ಅನುಕೂಲ ಸಣ್ಣದಲ್ಲ. ಪಿಎಸ್4ನ ಬಹುಪಾಲು ಎಲ್ಲ ಗೇಮ್‌ಗಳೂ ಡಿಸ್ಕ್ ಡ್ರೈವ್ ಇರುವ ಪಿಎಸ್5ನಲ್ಲಿ ನಡೆಯುತ್ತವೆ. ಮೊದಲ ಸ್ವಿಚ್‌ನ ಹೆಚ್ಚಿನ ಕಾರ್ಟ್ರಿಡ್ಜ್‌ಗಳು ಸ್ವಿಚ್ 2ರಲ್ಲೂ ನಡೆಯುತ್ತವೆ.

ಮೂರನೆಯ ಹೆಜ್ಜೆ: ಅಂಕಿಗಳ ಪಟ್ಟಿಯನ್ನು ಓದುವ ಬಗೆ

ಪ್ರಚಾರದಲ್ಲಿ, ಚಿಪ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಎಂದು ಹೇಳುವ ಟೆರಾಫ್ಲಾಪ್ಸ್ ಎಂಬ ಅಂಕಿ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. 2020ರ ಪಿಎಸ್5ಗೆ 10.28, ಅದೇ ವರ್ಷದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12 ಎಂದು ಕಂಪನಿಗಳು ಸಾರಿದ್ದವು. ಆದರೂ ಎರಡರಲ್ಲೂ ಬಂದ ಗೇಮ್‌ಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿದವರಿಗೆ ಹಲವು ಬಾರಿ ಗುರುತಿಸಬಹುದಾದ ವ್ಯತ್ಯಾಸವೇ ಸಿಗಲಿಲ್ಲ, ಕೆಲವೊಮ್ಮೆ ಪಿಎಸ್5 ಮುಂದಿತ್ತು. ಚಿಪ್‌ನ ಪೀಳಿಗೆ, ಮೆಮೊರಿಯ ವೇಗ, ಗೇಮ್ ತಯಾರಕರು ಹಾಕಿದ ಶ್ರಮ ಎಲ್ಲವೂ ಸೇರಿ ಫಲಿತಾಂಶ ಬರುವುದರಿಂದ, ಬೇರೆ ಬೇರೆ ಪೀಳಿಗೆಯ ಚಿಪ್‌ಗಳ ನಡುವೆ ಈ ಒಂದು ಅಂಕಿಯನ್ನು ತೂಗುವುದರಲ್ಲಿ ಅರ್ಥವಿಲ್ಲ.

ಅತಿ ಸ್ಪಷ್ಟ ಚಿತ್ರವನ್ನು ಸೂಚಿಸುವ 4ಕೆ ಎಂಬ ಮಾತನ್ನೂ ನಿಧಾನವಾಗಿ ಓದಬೇಕು. ಸ್ವಿಚ್ 2 ಟಿವಿಗೆ ಜೋಡಿಸುವ ಡಾಕ್‌ನಲ್ಲಿ ಕೂತಾಗ ಟಿವಿಗೆ 4ಕೆ ಚಿತ್ರ ಕಳಿಸಬಲ್ಲದು ಎಂಬುದು ನಿಜ. ಆದರೆ ಪ್ರತಿಯೊಂದು ಗೇಮ್ ಅಷ್ಟು ಸ್ಪಷ್ಟತೆಯಲ್ಲಿ ಚಿತ್ರಿಸಲ್ಪಡುತ್ತದೆ ಎಂದು ಅದರರ್ಥವಲ್ಲ. ಅನೇಕ ಗೇಮ್‌ಗಳು ಕಡಿಮೆ ಸ್ಪಷ್ಟತೆಯಲ್ಲಿ ಚಿತ್ರ ತಯಾರಿಸಿ, ಎನ್‌ವಿಡಿಯಾದ ಡಿಎಲ್‌ಎಸ್‌ಎಸ್‌ನಂಥ ತಂತ್ರದಿಂದ ಅದನ್ನು ಹಿಗ್ಗಿಸುತ್ತವೆ. ನಿಮ್ಮ ಮನೆಯ ಟಿವಿ 32 ಇಂಚಿನ ಸಾಧಾರಣ ಎಚ್‌ಡಿ ಆಗಿದ್ದರೆ 4ಕೆ, 120 ಹರ್ಟ್ಜ್ (ಸೆಕೆಂಡಿಗೆ 120 ಬಾರಿ ಚಿತ್ರ ಬದಲಾಗುವುದು) ಎಂಬ ಸಾಲುಗಳಿಗೆ ಹಣ ಕೊಡುವುದೇ ಬೇಡ. ಟಿವಿಯ ಹಿಂದೆ ಬಗ್ಗಿ ಎಚ್‌ಡಿಎಂಐ ಕಿಂಡಿಯ ಪಕ್ಕದ ಬರಹ ಓದಿ, ಟಿವಿಯ ಮಾದರಿ ಸಂಖ್ಯೆ ಬರೆದುಕೊಳ್ಳಿ. 4ಕೆ ಚಿತ್ರ 120 ಹರ್ಟ್ಜ್‌ನಲ್ಲಿ ಬೇಕೆಂದರೆ ಎಚ್‌ಡಿಎಂಐ 2.1 ಸೌಲಭ್ಯದ ಟಿವಿ ಬೇಕು.

ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಅಂಕಿ ಮಾತ್ರ ಕಣ್ಣಿಗೂ ಕೈಗೂ ಗೊತ್ತಾಗುತ್ತದೆ. 30 ಫ್ರೇಮ್ ಎಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ 33.3 ಮಿಲಿಸೆಕೆಂಡ್ ಅಂತರ. 60 ಆದರೆ 16.7. ಕ್ರಿಕೆಟ್, ಫುಟ್‌ಬಾಲ್, ರೇಸಿಂಗ್ ಆಡುವವರು ಸಾಧನದ ಗರಿಷ್ಠ ಅಂಕಿಯನ್ನು ನೋಡದೆ, ತಮ್ಮ ಪಟ್ಟಿಯಲ್ಲಿರುವ ಗೇಮ್ ಆ ಸಾಧನದಲ್ಲಿ ಸ್ಥಿರವಾಗಿ 60 ಮುಟ್ಟುತ್ತದೆಯೇ ಎಂದು ಹುಡುಕಬೇಕು.

ಸ್ಟೋರೇಜ್ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಯಲ್ಲಿ ಒಂದು ಭಾಗ ವ್ಯವಸ್ಥೆಗೇ ಹೋಗುತ್ತದೆ. ಮೊದಲ ಪಿಎಸ್5ನ 825 ಜಿಬಿಯಲ್ಲಿ ಗೇಮ್‌ಗಳಿಗೆ ಸಿಗುತ್ತಿದ್ದುದು 667 ಜಿಬಿ. ಎಕ್ಸ್‌ಬಾಕ್ಸ್‌ನ ಚಿಕ್ಕ ಮಾದರಿಯಾದ ಸೀರೀಸ್ ಎಸ್‌ನ 512ರಲ್ಲಿ 364. ಸ್ವಿಚ್ 2ರಲ್ಲಿ ಒಟ್ಟು 256 ಜಿಬಿ ಇದ್ದು, ಅದಕ್ಕೆ ಹೊಸ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡ್ ಮಾತ್ರವೇ ಆಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಕಾರ್ಡಿನಿಂದ ಫೋಟೊ, ವಿಡಿಯೊ ತೆಗೆದುಕೊಳ್ಳಬಹುದೇ ಹೊರತು ಗೇಮ್ ಇಡಲಾಗದು.

ನಾಲ್ಕನೆಯ ಹೆಜ್ಜೆ: ಹ್ಯಾಂಡ್‌ಹೆಲ್ಡ್‌ನ ಬ್ಯಾಟರಿ ಮತ್ತು ತೂಕ

ಬ್ಯಾಟರಿಯನ್ನು ಎಂಎಎಚ್‌ನಲ್ಲಿ (ಮಿಲಿಆಂಪಿಯರ್-ಅವರ್) ಹೋಲಿಸುವುದೆಂದರೆ, ಒಂದು ಚೀಲಕ್ಕೆ ಎಷ್ಟು ಕಿಲೊ ಎಂದು ಕೇಳದೆ ಚೀಲಗಳನ್ನಷ್ಟೇ ಎಣಿಸಿ ಭತ್ತದ ವ್ಯಾಪಾರ ಮಾಡಿದಂತೆ. ವೋಲ್ಟೇಜ್ ಸೇರಿಸಿ ಲೆಕ್ಕ ಹಾಕಿದ ವ್ಯಾಟ್-ಅವರ್ ಅಂಕಿಯನ್ನೇ ಹುಡುಕಿ. ಸ್ವಿಚ್ 2ರ 5,220 ಎಂಎಎಚ್ ಬ್ಯಾಟರಿ ಸುಮಾರು 20 ವ್ಯಾಟ್-ಅವರ್ ಆಗುತ್ತದೆ. ಸ್ಟೀಮ್ ಡೆಕ್ ಒಎಲ್‌ಇಡಿಯದು 50, ಎಕ್ಸ್‌ಬಾಕ್ಸ್ ಆಲೈಯದು 60, ಆಲೈ ಎಕ್ಸ್‌ನದು 80. ಹಾಗೆಂದು 80 ಇರುವುದೇ ಹೆಚ್ಚು ಹೊತ್ತು ಬರುತ್ತದೆ ಎಂದೇನಿಲ್ಲ, ಅದರ ಚಿಪ್ ಎಳೆಯುವ ವಿದ್ಯುತ್ತೂ ಹೆಚ್ಚು. ಇಡೀ ಸಾಧನ 25 ವ್ಯಾಟ್ ಎಳೆದರೆ 80 ವ್ಯಾಟ್-ಅವರ್ ಮೂರು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ವಿಚ್ 2ಕ್ಕೆ ನಿಂಟೆಂಡೊ ಹೇಳುವ ಅವಧಿ 2ರಿಂದ 6.5 ಗಂಟೆ, ಸ್ಟೀಮ್ ಡೆಕ್ ಒಎಲ್‌ಇಡಿಗೆ ವಾಲ್ವ್ ಹೇಳುವುದು 3ರಿಂದ 12. ದೊಡ್ಡ ಗೇಮ್ ಆಡುವವರು ಯಾವಾಗಲೂ ಕೆಳಗಿನ ಅಂಕಿಯನ್ನೇ ನಂಬಬೇಕು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಬಳ್ಳಾರಿ ಬಿಟ್ಟು ಬೆಳಗ್ಗೆ ಬೆಂಗಳೂರು ಸೇರುವ ಪ್ರಯಾಣಕ್ಕೆ ಇವುಗಳಲ್ಲಿ ಯಾವುದೂ ದೊಡ್ಡ ಗೇಮ್ ಹಾಕಿಕೊಂಡು ಪೂರ್ತಿ ಸಾಲುವುದಿಲ್ಲ.

ತೂಕವನ್ನು ಬಹಳ ಜನ ಗಮನಿಸುವುದಿಲ್ಲ, ಅದು ತಪ್ಪು. ಎರಡು ಬದಿಯ ಜಾಯ್-ಕಾನ್ ಕಂಟ್ರೋಲರ್‌ಗಳೂ ಸೇರಿ ಸ್ವಿಚ್ 2 ಸುಮಾರು 534 ಗ್ರಾಂ, ಸ್ಟೀಮ್ ಡೆಕ್ ಒಎಲ್‌ಇಡಿ ಸುಮಾರು 640, ಆಲೈ ಎಕ್ಸ್ 715. ಹತ್ತು–ಹನ್ನೆರಡು ವರ್ಷದ ಮಗುವಿನ ಮಣಿಕಟ್ಟಿಗೆ ಈ ವ್ಯತ್ಯಾಸ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮುಕ್ಕಾಲು ಲೀಟರ್ ನೀರಿನ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿಸಿ ನೋಡಿದರೆ ಅಂದಾಜು ಸಿಗುತ್ತದೆ. ಪರದೆಗಳಲ್ಲಿ, ಸ್ವಿಚ್ 2ರದು 7.9 ಇಂಚಿನ 1080ಪಿ ಎಲ್‌ಸಿಡಿ. ಸ್ಟೀಮ್ ಡೆಕ್‌ನದು 7.4 ಇಂಚಿನ, ಸ್ಪಷ್ಟತೆ ಕಡಿಮೆಯಿದ್ದರೂ ಬಣ್ಣ ಹೆಚ್ಚು ಗಾಢವಾಗಿ ಕಾಣುವ ಒಎಲ್‌ಇಡಿ. ನನ್ನ ಕಣ್ಣಿಗೆ ರಾತ್ರಿ ದೀಪ ಕಡಿಮೆ ಇರುವ ಕೋಣೆಯಲ್ಲಿ ಒಎಲ್‌ಇಡಿಯೇ ಮೇಲು.

ಹೆಬ್ಬೆರಳಿನಿಂದ ತಳ್ಳಿ ಪಾತ್ರವನ್ನು ನಡೆಸುವ ಕಡ್ಡಿಗಳ (ಸ್ಟಿಕ್) ಬಗ್ಗೆ ಒಂದು ಮಾತು. ಬೆರಳು ಮುಟ್ಟದಿದ್ದರೂ ಪಾತ್ರ ತಾನಾಗಿ ಸರಿಯುವ ಡ್ರಿಫ್ಟ್ ತೊಂದರೆ ಹ್ಯಾಂಡ್‌ಹೆಲ್ಡ್‌ಗಳ ಹಳೆಯ ರೋಗ. ಅಯಸ್ಕಾಂತದ ಹಾಲ್-ಎಫೆಕ್ಟ್ ಕಡ್ಡಿಗಳಲ್ಲಿ ಸವೆತ ಕಡಿಮೆ. ಸ್ವಿಚ್ 2ರ ಜಾಯ್-ಕಾನ್‌ಗಳಲ್ಲಿ ಈ ತಂತ್ರ ಇಲ್ಲವೆಂದು ನಿಂಟೆಂಡೊ ತಾನೇ ತಿಳಿಸಿದೆ. ರಿಪೇರಿ ದೂರವಿರುವ ಊರಿನವರು ಈ ಸಾಲಿಗೆ ನಗರದವರಿಗಿಂತ ಹೆಚ್ಚು ಅಂಕ ಕೊಡಬೇಕು.

ಐದನೆಯ ಹೆಜ್ಜೆ: ಬಿಸಿಲು ಮತ್ತು ಧೂಳು

ಹೋಲಿಕೆಯ ಲೇಖನಗಳಲ್ಲಿ ನಮ್ಮ ಜಿಲ್ಲೆಗಳಿಗೆ ಅತ್ಯಂತ ಮುಖ್ಯವಾದ ಅಂಕಿ ಎಲ್ಲೋ ಕೊನೆಯಲ್ಲಿ, ಸುರಕ್ಷತಾ ಸೂಚನೆಯ ಪುಟದಲ್ಲಿ ಅಡಗಿರುತ್ತದೆ. ಪಿಎಸ್5ಗೆ ಸೋನಿ ಹೇಳುವ ಕೋಣೆಯ ತಾಪಮಾನ 5ರಿಂದ 35 ಡಿಗ್ರಿ ಸೆಲ್ಸಿಯಸ್. ಸ್ವಿಚ್‌ಗೆ ನಿಂಟೆಂಡೊ ಹೇಳುವುದೂ ಅದನ್ನೇ. ಸ್ಟೀಮ್ ಡೆಕ್ 35 ಡಿಗ್ರಿಗಿಂತ ಕೆಳಗೆ ಚೆನ್ನಾಗಿ ನಡೆಯುತ್ತದೆ, ಅದಕ್ಕಿಂತ ಮೇಲೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳಬಹುದು ಎಂದು ವಾಲ್ವ್ 2022ರ ಬೇಸಿಗೆಯಲ್ಲಿ ಬಳಕೆದಾರರನ್ನು ಎಚ್ಚರಿಸಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಹೊರಗಿನ ತಾಪಮಾನ 40 ದಾಟುವುದು ವಿಶೇಷವಲ್ಲ. ತಾರಸಿಯ ಕೆಳಗಿನ ಕೋಣೆ ಸಂಜೆ ಏಳಕ್ಕೂ 35ರ ಮೇಲೆಯೇ ಇರುತ್ತದೆ. ಅಂದರೆ ಶಾಲೆಗೆ ರಜೆ ಇದ್ದು ಮಕ್ಕಳು ಅತಿ ಹೆಚ್ಚು ಆಡುವ ಎರಡು ತಿಂಗಳು, ಕಂಪನಿ ಹಾಕಿದ ಗೆರೆಯ ಆಚೆಗೇ ಸಾಧನ ದುಡಿಯಬೇಕಾಗುತ್ತದೆ.

ಆದ್ದರಿಂದ ಕೊಳ್ಳುವ ಮುಂಚೆಯೇ ಒಂದು ಗೋಡೆ ಥರ್ಮಾಮೀಟರ್ ತಂದು, ಟಿವಿ ಇರುವ ಜಾಗದಲ್ಲಿ ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಎಷ್ಟಿದೆ ಎಂದು ಕೆಲವು ದಿನ ಬರೆದಿಡಿ. ರಾತ್ರಿಯೂ 35ರ ಕೆಳಗೆ ಇಳಿಯದ ಕೋಣೆಯಾದರೆ, ಎಸಿ ಇರುವ ಕೋಣೆಗೆ ಸುಲಭವಾಗಿ ಎತ್ತಿಕೊಂಡು ಹೋಗಬಹುದಾದ ಹ್ಯಾಂಡ್‌ಹೆಲ್ಡ್ ಹೆಚ್ಚು ಅನುಕೂಲ. ಏರ್ ಕೂಲರ್ ಇರುವ ಮನೆಗಳಲ್ಲಿ ಅದರ ತೇವದ ಗಾಳಿ ನೇರವಾಗಿ ಕನ್ಸೋಲ್ ಮೇಲೆ ಬೀಸದಂತೆ ಇಡಬೇಕು.

ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಟಿವಿ ಇರುವುದು ಶೋಕೇಸಿನಲ್ಲಿ. ಅದರ ಕೆಳಗಿನ ಗಾಜಿನ ಬಾಗಿಲಿನ ಗೂಡು ಸೆಟ್-ಟಾಪ್ ಬಾಕ್ಸ್‌ಗೆ ಸರಿ. ಆಡುವಾಗ 200 ವ್ಯಾಟ್‌ನಷ್ಟು ಶಾಖ ಹೊರಬಿಡುವ ಪಿಎಸ್5ಗೆ ಅದು ಬೇಯಿಸುವ ಪೆಟ್ಟಿಗೆ. ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರ ಇಡಬೇಕೆಂದು ಸೋನಿಯ ಕೈಪಿಡಿಯೇ ಹೇಳುತ್ತದೆ. ಟೇಪು ಹಿಡಿದು ಶೋಕೇಸಿನ ಮೇಲ್ಭಾಗದ ತೆರೆದ ಹಲಗೆ ಅಳೆಯಿರಿ. ಎಷ್ಟೋ ಮನೆಗಳಲ್ಲಿ ಪಿಎಸ್5 ಅಲ್ಲಿ ಹಿಡಿಸುವುದೇ ಇಲ್ಲ. ಸುಮಾರು ಆರು ಇಂಚಿನ ಘನಾಕಾರದ ಸ್ಟೀಮ್ ಮಷಿನ್‌ಗೆ ಈ ವಿಷಯದಲ್ಲಿ ನಿಜವಾದ ಲಾಭವಿದೆ.

ಧೂಳು ಊರಿಂದೂರಿಗೆ ಬೇರೆ. ಸಂಡೂರು–ತೋರಣಗಲ್ಲು ದಾರಿಯ ಮನೆಗಳಲ್ಲಿ ಅದಿರಿನ ಕೆಂಧೂಳು, ರಾಯಚೂರಿನ ಜಿನ್ನಿಂಗ್ ಮಿಲ್‌ಗಳ ಸುತ್ತ ಹತ್ತಿಯ ಎಳೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ಬಟ್ಟೆಯ ನೂಲು, ಸಿಂಧನೂರು–ಗಂಗಾವತಿ ಕಡೆ ರೈಸ್ ಮಿಲ್‌ನ ತೌಡು ಮತ್ತು ಬೂದಿ. ಎಳೆ ಮತ್ತು ನೂಲು ಫ್ಯಾನಿನ ರೆಕ್ಕೆಗೆ ಸುತ್ತಿಕೊಳ್ಳುತ್ತವೆ, ಸಣ್ಣ ಧೂಳು ಚಿಪ್‌ನ ಶಾಖ ಹೊರಹಾಕುವ ಹೀಟ್‌ಸಿಂಕ್‌ನ ಸಂದಿಯಲ್ಲಿ ಕೂರುತ್ತದೆ. ಹೋಲಿಸುವಾಗ ಕೇಳಬೇಕಾದದ್ದು, ವಾರಂಟಿ ಕೆಡದಂತೆ ಮನೆಯಲ್ಲೇ ಧೂಳು ತೆಗೆಯಲು ಆಗುತ್ತದೆಯೇ ಎಂಬುದು. ಪಿಎಸ್5ನಲ್ಲಿ ಪಕ್ಕದ ಹೊದಿಕೆ ಕಳಚಿದರೆ ಧೂಳು ಸೇರುವ ರಂಧ್ರಗಳು ಕಾಣುತ್ತವೆ. ವ್ಯಾಕ್ಯೂಮ್ ಕ್ಲೀನರ್‌ನ ಮೂತಿ ಹಿಡಿದರೆ ಸಾಕು, ಸ್ಕ್ರೂ ಡ್ರೈವರ್ ಬೇಡ. ಹ್ಯಾಂಡ್‌ಹೆಲ್ಡ್‌ಗಳಲ್ಲಿ ಅಷ್ಟು ಸುಲಭದ ದಾರಿ ಇರುವುದಿಲ್ಲ. ಆಡದಿರುವಾಗ ಜಿಪ್ ಇರುವ ಕೇಸ್‌ನಲ್ಲಿ ಇಡುವುದೇ ಅವಕ್ಕೆ ಮುಖ್ಯ ರಕ್ಷಣೆ. ಆಡುವಾಗ ಕನ್ಸೋಲ್ ಮೇಲೆ ಬಟ್ಟೆ ಹೊದಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಆರನೆಯ ಹೆಜ್ಜೆ: ಕರೆಂಟು

ಟಿವಿ ಕನ್ಸೋಲ್ ಗೇಮ್ ಉಳಿಸುತ್ತಿರುವಾಗ ಕರೆಂಟು ಹೋದರೆ ಆ ಕಡತ ಕೆಡುವ ಸಾಧ್ಯತೆ ಇರುತ್ತದೆ. ಇನ್ವರ್ಟರ್ ಇದ್ದರೂ, ಅದು ಬದಲಾಗುವ ಆ ಕ್ಷಣದಲ್ಲಿ ಕನ್ಸೋಲ್ ಆಫ್ ಆಗಬಹುದು. ಕಂಪ್ಯೂಟರ್‌ಗೆ ಬಳಸುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಅದರ ಮೇಲೆ ಪಿಎಸ್5 ಮತ್ತು ಸಾಧಾರಣ ಎಲ್‌ಇಡಿ ಟಿವಿ ಹಾಕಿದರೆ ಆಟ ಉಳಿಸಿ ಕ್ರಮವಾಗಿ ಆಫ್ ಮಾಡುವಷ್ಟು ನಿಮಿಷ ಸಿಗುತ್ತದೆ. ಈ ಯುಪಿಎಸ್‌ನ ಬೆಲೆಯನ್ನು ಕನ್ಸೋಲ್ ಬೆಲೆಗೆ ಸೇರಿಸಿಯೇ ಹ್ಯಾಂಡ್‌ಹೆಲ್ಡ್ ಜೊತೆ ಹೋಲಿಸಿ, ಏಕೆಂದರೆ ಹ್ಯಾಂಡ್‌ಹೆಲ್ಡ್‌ಗೆ ತನ್ನದೇ ಬ್ಯಾಟರಿ ಇದೆ. ಹೊರದೇಶದಿಂದ ಬಂದ ಸಾಧನವಾದರೆ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಇದೆಯೇ ನೋಡಿ. ಚಪ್ಪಟೆ ಪಿನ್ನಿಗೆ ಸಡಿಲವಾದ ಕನ್ವರ್ಟರ್ ಸಿಕ್ಕಿಸಿ ಬಳಸುವುದು ಅಪಾಯ.

ಏಳನೆಯ ಹೆಜ್ಜೆ: ಇಂಟರ್ನೆಟ್ ಮತ್ತು ಡಿಸ್ಕ್

ಈಗಿನ ದೊಡ್ಡ ಗೇಮ್‌ಗಳು 100 ಜಿಬಿ ಮುಟ್ಟುವುದು ಸಾಮಾನ್ಯ. 30 ಎಂಬಿಪಿಎಸ್ ಫೈಬರ್ ಸಂಪರ್ಕದಲ್ಲಿ ಅಷ್ಟು ಇಳಿಯಲು ಏಳು ಗಂಟೆಗಿಂತ ಹೆಚ್ಚು ಬೇಕು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದೇ ಗೇಮ್‌ಗೆ ಐವತ್ತು ದಿನ. ಫೈಬರ್ ಇಲ್ಲದ ಹಳ್ಳಿಯವರಿಗೆ ಡಿಸ್ಕ್ ಡ್ರೈವ್ ಇರುವ ಪಿಎಸ್5ನ ಬೆಲೆ ಹೆಚ್ಚಾದರೂ ನಾನು ಅದನ್ನೇ ಸೂಚಿಸುತ್ತೇನೆ. ಅಪ್‌ಡೇಟ್‌ಗಳು ಆಗಲೂ ಬೇಕಾಗುತ್ತವೆ, ಆದರೆ ಗೇಮ್‌ನ ಬಹುಭಾಗ ಡಿಸ್ಕಿನಿಂದಲೇ ಬರುತ್ತದೆ, ಆಡಿ ಮುಗಿಸಿದ ಮೇಲೆ ಮಾರಿದರೆ ಸ್ವಲ್ಪ ಹಣವೂ ಮರಳುತ್ತದೆ. ಸ್ವಿಚ್ 2ರಲ್ಲಿ ಗೇಮ್-ಕೀ ಕಾರ್ಡ್ ಎಂಬ ಹೊಸ ಬಗೆ ಬಂದಿದೆ. ಕೈಯಲ್ಲಿ ಕಾರ್ಡ್ ಇರುತ್ತದೆ, ಆದರೆ ಅದರೊಳಗೆ ಗೇಮ್ ಇಲ್ಲ, ಪೂರ್ತಿಯಾಗಿ ಡೌನ್‌ಲೋಡ್ ಮಾಡಲೇಬೇಕು. ಪೆಟ್ಟಿಗೆಯ ಮುಖದ ಕೆಳಭಾಗದಲ್ಲಿ ಈ ಸೂಚನೆ ಇರುತ್ತದೆ.

ಪೋರ್ಟಲ್‌ನಂಥ ಸಾಧನಕ್ಕೆ ಸೋನಿ ಕನಿಷ್ಠ 5 ಎಂಬಿಪಿಎಸ್, ಉತ್ತಮವಾಗಿ ಆಡಲು 15 ಎಂಬಿಪಿಎಸ್ ಕೇಳುತ್ತದೆ. ವೇಗದ ಜೊತೆ, ಸಂಕೇತ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯವಾದ ಪಿಂಗ್ ಅಂಕಿಯನ್ನೂ ಪರೀಕ್ಷಿಸಿ, ಓಣಿಯವರೆಲ್ಲ ಮೊಬೈಲ್ ಹಿಡಿಯುವ ರಾತ್ರಿ ಒಂಬತ್ತರ ಹೊತ್ತಿನಲ್ಲಿಯೇ ಪರೀಕ್ಷಿಸಿ. ಬೆಳಗಿನ ಜಾವದ ಅಂಕಿ ಏನನ್ನೂ ಹೇಳುವುದಿಲ್ಲ.

ಎಂಟನೆಯ ಹೆಜ್ಜೆ: ಇಲ್ಲಿ ಸಿಗುತ್ತದೆಯೇ, ಬಿಲ್ ಯಾರದು

ಘೋಷಣೆಯಾದದ್ದೆಲ್ಲ ಭಾರತಕ್ಕೆ ಬರುವುದಿಲ್ಲ, ಬಂದರೂ ತಡವಾಗುತ್ತದೆ. ಪಿಎಸ್5 2020ರ ನವೆಂಬರ್‌ನಲ್ಲಿ ಹೊರಬಂದು 2021ರ ಫೆಬ್ರುವರಿ 2ರಂದು ಇಲ್ಲಿಗೆ ಬಂತು. ಅದರ ಸ್ಲಿಮ್ ಮಾದರಿ 2023ರ ನವೆಂಬರ್‌ನಿಂದ 2024ರ ಏಪ್ರಿಲ್‌ವರೆಗೆ ಕಾಯಿಸಿತು. 2024ರ ನವೆಂಬರ್‌ನಲ್ಲಿ ಬಂದ ಪಿಎಸ್5 ಪ್ರೊ ಬಳಸುವ 6 ಗಿಗಾಹರ್ಟ್ಜ್ ವೈಫೈ ಬ್ಯಾಂಡ್‌ಗೆ ಆಗ ದೇಶದಲ್ಲಿ ಅನುಮತಿ ಇರಲಿಲ್ಲವಾದ್ದರಿಂದ, ಅದನ್ನು ಇಲ್ಲಿ ಬಿಡುಗಡೆ ಮಾಡುವುದಿಲ್ಲ ಎಂದು ಸೋನಿ ತಿಳಿಸಿತ್ತು. ನಿಂಟೆಂಡೊ ಮತ್ತು ಸ್ಟೀಮ್ ಡೆಕ್ ನಮ್ಮ ಅಂಗಡಿಗಳಿಗೆ ಬಂದಿರುವುದು ಖಾಸಗಿ ಆಮದುದಾರರ ಮೂಲಕ. ಭಾರತಕ್ಕೆಂದು ನಿಂಟೆಂಡೊದ ಪ್ರತ್ಯೇಕ ಈ-ಶಾಪ್ (ಆನ್‌ಲೈನ್ ಗೇಮ್ ಅಂಗಡಿ) ಇಲ್ಲದ ಕಾರಣ ಬೇರೆ ದೇಶದ ಖಾತೆ ತೆರೆದು, ಅಲ್ಲಿನ ಗಿಫ್ಟ್ ಕಾರ್ಡ್ ಕೊಂಡು ಗೇಮ್ ಪಡೆಯಬೇಕಾಗುತ್ತದೆ.

ಅಂಗಡಿಯಲ್ಲಿ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ.

"ಅಣ್ಣಾ, ಇದು ಇಂಡಿಯಾ ಪೀಸಾ, ಇಂಪೋರ್ಟೆಡಾ?"

"ಇಂಪೋರ್ಟೆಡ್ ಐತ್ರಿ. ಅಂಗಡಿ ವಾರಂಟಿ ಕೊಡ್ತೀವಿ, ಒಂದ್ ವರ್ಷ."

"ಜಿಎಸ್‌ಟಿ ಬಿಲ್‌ನ್ಯಾಗ ಸೀರಿಯಲ್ ನಂಬರ್ ಹಾಕಿ ಕೊಡ್ತೀರೇನು?"

ಈ ಮೂರನೆಯ ಪ್ರಶ್ನೆಗೆ ಬರುವ ಉತ್ತರವೇ ನಿಮಗೆ ಬೇಕಾದದ್ದು. ಅಂಗಡಿಯ ವಾರಂಟಿ ಎಂದರೆ ಆ ಅಂಗಡಿಯವರ ಮಾತಿನ ಮೇಲಿನ ನಂಬಿಕೆ. ಕಂಪನಿಯ ಸರ್ವಿಸ್ ಸೆಂಟರ್ ಅದನ್ನು ಗಣಿಸುವುದಿಲ್ಲ. ಪೆಟ್ಟಿಗೆಯನ್ನು ಮಗುಚಿ ನೋಡಿ. ವಿಡಿಯೊ ಗೇಮ್ ಸಾಧನಗಳು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಕಡ್ಡಾಯ ನೋಂದಣಿ ಪಟ್ಟಿಯಲ್ಲಿವೆ, ಆದ್ದರಿಂದ ಭಾರತಕ್ಕೆಂದು ಬಂದ ಸಾಧನದ ಮೇಲೆ ಬಿಐಎಸ್ ಗುರುತೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರಿಶೀಲಿಸಬಹುದು. ಜೊತೆಗೆ ಆಮದುದಾರರ ಹೆಸರು, ವಿಳಾಸ ಮತ್ತು ಎಂಆರ್‌ಪಿ ಇರುವ ಚೀಟಿ ಅಂಟಿಸಿರಬೇಕು. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಅಂಗಡಿಯವರನ್ನು ಕೇಳುವ ಬದಲು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಕೇಳಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಕೊಪ್ಪಳದವರಿಗೆ ಹುಬ್ಬಳ್ಳಿ ಹತ್ತಿರ ಎಂಬುದನ್ನು ನೆನಪಿಟ್ಟು, ಆ ಊರುಗಳಲ್ಲಿ ಇದೆಯೇ ಎಂದೇ ವಿಚಾರಿಸಿ.

ಸಾವಿರಾರು ಗೇಮ್ ತುಂಬಿಕೊಂಡು ಮೂರು–ನಾಲ್ಕು ಸಾವಿರಕ್ಕೆ ಸಿಗುವ ಚಿಕ್ಕ ಹ್ಯಾಂಡ್‌ಹೆಲ್ಡ್‌ಗಳನ್ನು ಈ ಹೋಲಿಕೆಯಲ್ಲಿ ಸೇರಿಸಬೇಡಿ. ಅವುಗಳಲ್ಲಿ ತುಂಬಿರುವುದು ಸಾಮಾನ್ಯವಾಗಿ ಅನುಮತಿ ಇಲ್ಲದ ಹಳೆಯ ಗೇಮ್‌ಗಳ ನಕಲು.

ಒಂಬತ್ತನೆಯ ಹೆಜ್ಜೆ: ಪೂರ್ತಿ ಖರ್ಚು ಕೂಡಿಸಿ

ಬಿಡುಗಡೆಯ ಹೊತ್ತಿನ ಬೆಲೆಗಳನ್ನೇ ಹಿಡಿದು ಒಂದು ಲೆಕ್ಕ ನೋಡೋಣ. ಡಿಸ್ಕ್ ಡ್ರೈವ್ ಇರುವ ಪಿಎಸ್5 ಸ್ಲಿಮ್ 54,990, ಇಬ್ಬರು ಆಡಲು ಇನ್ನೊಂದು ಕಂಟ್ರೋಲರ್ 5,990, ತಲಾ 4,999ರ ಎರಡು ಗೇಮ್‌ಗೆ 9,998. ಒಟ್ಟು 70,978 ರೂಪಾಯಿ. ಇದಕ್ಕೆ ಯುಪಿಎಸ್ ಮತ್ತು ಆನ್‌ಲೈನ್ ಚಂದಾ ಬೇರೆ. 2023ರಲ್ಲಿ ಆರ್‌ಒಜಿ ಆಲೈಯ ಮೇಲಿನ ಮಾದರಿ ಇಲ್ಲಿ 69,990ಕ್ಕೆ ಬಂದಿತ್ತು. ನೋಡಲು ಹದಿನೈದು ಸಾವಿರ ದುಬಾರಿಯಾಗಿ ಕಂಡ ಹ್ಯಾಂಡ್‌ಹೆಲ್ಡ್, ಕೂಡಿಸಿದ ಮೇಲೆ ಬಹುತೇಕ ಸಮಕ್ಕೆ ಬಂತು. ವಾಲ್ವ್‌ನ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ರೂಪಾಯಿಯಲ್ಲಿ, ಆಗಾಗ ಬರುವ ಸೇಲ್‌ಗಳಲ್ಲಿ ಗೇಮ್ ಸಿಗುವುದು ಅದರ ಪರವಾದ ಮಾತು. ಇಬ್ಬರು ಮಕ್ಕಳು ಒಟ್ಟಿಗೆ ಕೂತು ಆಡುವ ಮನೆಗೆ ಪಿಎಸ್5 ಪರವಾದ ಮಾತು ಅಷ್ಟೇ ಬಲವಾಗಿದೆ. ಇಂದಿನ ಬೆಲೆಗಳನ್ನು ಅಂಗಡಿಯಲ್ಲಿ ಕೇಳಿ ಇದೇ ಲೆಕ್ಕವನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಮಾಡಿ.

ಕಾದರೆ ಬೆಲೆ ಇಳಿಯುತ್ತದೆ ಎಂಬ ಹಳೆಯ ಲೆಕ್ಕಾಚಾರ ಈಗ ನಿಲ್ಲುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ 499.99 ಡಾಲರ್ ಇದ್ದ ಡಿಸ್ಕ್ ಡ್ರೈವ್‌ನ ಪಿಎಸ್5 ಬೆಲೆ 2025ರ ಆಗಸ್ಟ್‌ನಲ್ಲಿ 549.99ಕ್ಕೆ ಏರಿತು. ಆದ್ದರಿಂದ ಕಾಯುವುದಾದರೆ ಬೆಲೆಗಾಗಿ ಕಾಯದೆ, ಸ್ವತಂತ್ರವಾಗಿ ಪರೀಕ್ಷಿಸಿದವರ ವರದಿಗಾಗಿ ಕಾಯಿರಿ. ಘೋಷಣೆಯಿಂದ ಬಿಡುಗಡೆಯವರೆಗೆ ಏನನ್ನೂ ಕಾದಿರಿಸಬೇಡಿ. ಬಿಡುಗಡೆಯಾದ ಮೇಲೆ ನಿಮ್ಮ ಪಟ್ಟಿಯ ಗೇಮ್‌ಗಳನ್ನೇ ಆಡಿ ಅಳೆದ ವಿಡಿಯೊ ಪರೀಕ್ಷೆಗಳನ್ನು, ಅದರಲ್ಲೂ ಬೇಸಿಗೆಯಲ್ಲಿ ಭಾರತದಲ್ಲೇ ಬಳಸಿದವರ ಮಾತನ್ನು ಹುಡುಕಿ.

ಸಾಧನ ಮನೆಗೆ ಬಂದ ದಿನ ಪೆಟ್ಟಿಗೆ ತೆರೆಯುವುದನ್ನು ಮೊಬೈಲ್‌ನಲ್ಲಿ ತಡೆಯಿಲ್ಲದೆ ಚಿತ್ರೀಕರಿಸಿ, ಸೀರಿಯಲ್ ಸಂಖ್ಯೆ ಬಿಲ್‌ನೊಂದಿಗೆ ಹೊಂದುತ್ತದೆಯೇ ನೋಡಿ. ಮೊದಲ ವಾರದಲ್ಲೇ ಎಲ್ಲ ಗುಂಡಿ, ಎರಡೂ ಕಡ್ಡಿ, ಡಿಸ್ಕ್ ಡ್ರೈವ್, ಪ್ರತಿಯೊಂದು ಕಿಂಡಿ, ವೈಫೈ ಮತ್ತು ಚಾರ್ಜಿಂಗ್ ಪರೀಕ್ಷಿಸಿ, ಎರಡು ಗಂಟೆ ಬಿಡದೆ ಒಂದು ದೊಡ್ಡ ಗೇಮ್ ಆಡಿ ಫ್ಯಾನಿನ ಸದ್ದು ಮತ್ತು ಬಿಸಿ ಗಮನಿಸಿ. ದೋಷ ಕಂಡರೆ ಬದಲಿ ಕೇಳುವ ಅವಧಿ ಬಹಳ ಕಡೆ ಏಳರಿಂದ ಹತ್ತು ದಿನ ಮಾತ್ರ ಇರುತ್ತದೆ. ಮೂಲ ಪೆಟ್ಟಿಗೆ ಮತ್ತು ಒಳಗಿನ ರಟ್ಟಿನ ಅಚ್ಚನ್ನು ಅಟ್ಟದ ಮೇಲೆ ಎತ್ತಿಡಿ, ವಾರಂಟಿ ಮುಗಿಯುವ ಮುನ್ನ ಸಾಧನವನ್ನು ಬೇರೆ ಊರಿನ ಸರ್ವಿಸ್ ಸೆಂಟರ್‌ಗೆ ಕಳಿಸಬೇಕಾಗಿ ಬಂದರೆ ಕೊರಿಯರ್‌ಗೆ ಅದೇ ಬೇಕಾಗುತ್ತದೆ.